ಬಂಗಾರೆವ್ವನ ಗಂಟು

ಭದ್ರಮ್ಮನವರಿಗೆ ಸಮುದ್ರ ನೋಡಿ ನೋಡಿ ಸಾಕಾಗಿತ್ತು. ಹಾಸನದಿಂದ ಬಂದು ಮೂರು ವಾರವಾಗಿತ್ತು. ಮಗಳು ಹರ್ಷಿತಾ ರಜೆ ಸಿಕ್ಕ ದಿನವೆಲ್ಲ ಯೂನಿಯನ್ ಸಿಟಿಯ ಮನೆಯಿಂದ ಕಾರು ತೆಗೆದು, ಕೊಲ್ಲಿಯ ಮೇಲಿನ ಉದ್ದನೆಯ ಸೇತುವೆ ದಾಟಿಸಿ, ಒಂದಲ್ಲ ಒಂದು ಕಡಲೂರಿಗೆ ಕರೆದೊಯ್ಯುತ್ತಿದ್ದಳು. ಎಲ್ಲ ಕಡೆಯೂ ಅದೇ ಮಂಜು, ಅದೇ ಚಳಿಗಾಳಿ, ಕಾಲಿಟ್ಟರೆ ಮರಗಟ್ಟಿಸುವ ನೀರು. ಭದ್ರಮ್ಮ ಸ್ವೆಟರಿನ ಮೇಲೆ ಶಾಲು ಹೊದ್ದು ಐದು ನಿಮಿಷ ನಿಲ್ಲುವರು. ಆಮೇಲೆ, "ಆಯ್ತಲ್ಲವ್ವ, ನೋಡಾಯ್ತು. ನಡಿ ಹೋಗಣ," ಎನ್ನುವರು.

ಜೂನ್ ತಿಂಗಳ ಆ ಶನಿವಾರ ಇಬ್ಬರೂ ಪೆಸ್ಕಡೇರೊಗೆ ಹೋಗಿದ್ದರು. ಹಾಫ್ ಮೂನ್ ಬೇಯಿಂದ ಕಡಲಿನ ಪಕ್ಕದ ರಸ್ತೆಯಲ್ಲಿ ಅರ್ಧ ಗಂಟೆ ದಕ್ಷಿಣಕ್ಕೆ ಹೋಗಿ ಒಳಕ್ಕೆ ತಿರುಗಿದರೆ ಸಿಗುವ, ಹೆಚ್ಚುಕಮ್ಮಿ ಒಂದೇ ಬೀದಿಯ ಊರು. ಅಂಚೆ ಕಚೇರಿ, ಬಿಳಿ ಬಣ್ಣದ ಚರ್ಚು, ತೆರೆಯದ ಎರಡು ಅಂಗಡಿ. ಬೀದಿಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಹರ್ಷಿತಾಗೆ ಹಸಿವಾಗಿತ್ತು. ಮೂಲೆಯಲ್ಲಿದ್ದ ಪುಟ್ಟ ಕೆಫೆಗೆ ಹೊಕ್ಕರು. ಹರ್ಷಿತಾ ಕೌಂಟರಿನಲ್ಲಿ ಬ್ರೆಡ್ಡು ಹೇಳುತ್ತಿದ್ದಾಗ ಹಿಂದಿನಿಂದ ಅಮ್ಮನ ದನಿ ಕೇಳಿತು.

"ಹರ್ಷೀ, ಬಾ ಇಲ್ಲಿ. ಇದು ನಮ್ದು."

"ಏನಮ್ಮ ನಮ್ದು?"

"ಚೀಲ ಕಣೆ!"

ಗೋಡೆಯ ಮೇಲೆ ಮರದ ಚೌಕಟ್ಟಿಗೆ ಮೊಳೆ ಹೊಡೆದು ಹಳೆಯ ಗೋಣಿಚೀಲವೊಂದನ್ನು ತೂಗುಹಾಕಿದ್ದರು. ಮಾಸಿದ ಕಪ್ಪು ಅಕ್ಷರಗಳಲ್ಲಿ ಇಂಡಿಯನ್ ಕಾಫಿ ಎಂದಿತ್ತು, ಕೆಳಗೆ ಚೌಕದೊಳಗೆ ಹದಿನಾಲ್ಕು ಎಂಬ ಅಂಕಿ. ಭದ್ರಮ್ಮ ಅದರ ಬಾಯಿಯ ಹೊಲಿಗೆಯನ್ನು ಬೆರಳಿನಿಂದ ಸವರುತ್ತಿದ್ದರು. ಹೊಲಿಗೆಯ ಎರಡು ತುದಿಯಲ್ಲೂ ಗೋಣಿಯನ್ನು ಕಿವಿಯ ಹಾಗೆ ಎಳೆದು, ಹುರಿಯಿಂದ ಬಿಗಿದು, ಮಿಕ್ಕ ಹುರಿಯನ್ನು ಮೂರು ಎಳೆ ಮಾಡಿ ಬೆರಳುದ್ದದ ಜಡೆ ಹೆಣೆದಿತ್ತು.

"ಹದ್ನಾಲ್ಕು ನಮ್ ವರ್ಕ್ಸಿನ ನಂಬ್ರು. ಈ ಜಡೆ ಬಂಗಾರೆವ್ವಂದು. ಇನ್ಯಾರೂ ಹಿಂಗೆ ಹೆಣೀತಿರಲಿಲ್ಲ."

ಅಮ್ಮ ಹಾಸನದಲ್ಲಿ ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸಿನಲ್ಲಿ ಕೆಲಸ ಮಾಡುತ್ತಿದ್ದರೆಂದು ಹರ್ಷಿತಾಗೆ ಗೊತ್ತಿತ್ತು. ಏನು ಕೆಲಸ ಎಂದು ಸರಿಯಾಗಿ ಕೇಳಿರಲಿಲ್ಲ. ಶಾಲೆಯಲ್ಲಿ ಯಾರಾದರೂ ಕೇಳಿದರೆ, "ನಮ್ಮಮ್ಮ ಕಾಫಿ ಆಫೀಸಲ್ಲಿದ್ದಾರೆ" ಎನ್ನುತ್ತಿದ್ದಳು. ಈಗ ಅವಳು ಫಿಸಿಯೊಥೆರಪಿಸ್ಟು. ದಿನವೂ ಹತ್ತು ಜನರ ಕೈ ಹಿಡಿದು, ಏನು ಕೆಲಸ ಮಾಡಿ ಈ ನೋವು ಬಂತು ಎಂದು ವಿಚಾರಿಸುವವಳು.

"ಆಫೀಸಲ್ಲಿ ಅಲ್ವಾ ನೀನು ಇದ್ದಿದ್ದು?"

"ಆಫೀಸೆಲ್ಲಿ ಬಂತು? ಸಿಮೆಂಟು ನೆಲದ ಮೇಲೆ ಕೂತ್ಕೊಂಡು ಬೀಜ ಆರಿಸ್ತಿದ್ದೆ. ಕರೀ ಬೀಜ, ಒಡಕಲು, ಹುಳ ಕೊರೆದಿದ್ದು, ಎಲ್ಲ ಬ್ಯಾರೆ ಮಾಡೋದು. ನೂರಿಪ್ಪತ್ತು ಹೆಂಗಸರು ಇದ್ದೋ. ಬಂಗಾರೆವ್ವ ದಬ್ಬಣ ಹಿಡ್ಕೊಂಡು ಚೀಲದ ಬಾಯಿ ಹೊಲಿಯೋಳು."

ಕೈಗೆ ಹಿಟ್ಟು ಮೆತ್ತಿಕೊಂಡಿದ್ದ ಕೆಫೆಯ ಒಡತಿ ಮೆರೆಡಿತ್ ಹತ್ತಿರ ಬಂದು ನಿಂತಳು. ಹರ್ಷಿತಾ ವಿಷಯ ಹೇಳಿದೊಡನೆ ಆಕೆ ಕೈ ಒರೆಸಿಕೊಂಡು, ಕುರ್ಚಿ ಎಳೆದು, ಭದ್ರಮ್ಮನವರನ್ನು ಚೀಲದ ಎದುರೇ ಕೂರಿಸಿದಳು. ಚೀಲ ಎಲ್ಲಿ ಸಿಕ್ಕಿತು ಎಂದು ಕೇಳಿದ್ದಕ್ಕೆ, ಉತ್ತರದ ಪ್ರಿನ್ಸ್‌ಟನ್ ಹಾರ್ಬರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಎಂದಳು.

ಭದ್ರಮ್ಮ ಚೀಲದ ಪಕ್ಕೆಯನ್ನು ತೋರಿಸಿದರು. ಅಲ್ಲಿ ಮೇಲಿಂದ ಕೆಳಗಿನವರೆಗೆ ಚಾಕುವಿನಿಂದ ಸೀಳಿತ್ತು. "ಬಾಯಿ ಬಿಚ್ಚೋದು ಬಿಟ್ಟು ಪಕ್ಕೆ ಯಾಕೆ ಸೀಳಿದ್ರು? ಒಳ್ಳೇ ಚೀಲ ಹಾಳು ಮಾಡವ್ರೆ. ಕೇಳೆ ಅವಳನ್ನ."

ಮೆರೆಡಿತ್‌ಗೆ ಗೊತ್ತಿರಲಿಲ್ಲ.

"ಹಂಗಾದ್ರೆ ಆ ಅಂಗಡಿಗೆ ಹೋಗಣ," ಎಂದು ಭದ್ರಮ್ಮ ಎದ್ದೇಬಿಟ್ಟರು. ಮೂರು ವಾರದಲ್ಲಿ ಅವರಾಗಿ ಒಂದು ಕಡೆಗೆ ಹೋಗೋಣ ಎಂದದ್ದು ಅದೇ ಮೊದಲು. ಹರ್ಷಿತಾ ಚೀಲದ ಫೋಟೊ ತೆಗೆದುಕೊಂಡು, ಬ್ರೆಡ್ಡನ್ನು ಕಾಗದದಲ್ಲಿ ಕಟ್ಟಿಸಿಕೊಂಡಳು.

ಉತ್ತರಕ್ಕೆ ಹೋಗುವ ರಸ್ತೆಯ ಎಡಕ್ಕೆ ಸಮುದ್ರ ಮಂಜಿನೊಳಗೆ ಒಮ್ಮೆ ಕಾಣುತ್ತ ಒಮ್ಮೆ ಮರೆಯಾಗುತ್ತಿತ್ತು. ಭದ್ರಮ್ಮ ಆ ಕಡೆ ನೋಡಲೇ ಇಲ್ಲ.

"ನಾವು ಚೀಲ ತುಂಬಿ ತುಂಬಿ ಲಾರಿಗೆ ಹಾಕೋರು," ಎಂದು ಶುರು ಮಾಡಿದರು. "ಎಲ್ಲಿಗ್ ಹೋಯ್ತದೆ ಅಂತ ಮೇಸ್ತ್ರೀನ ಕೇಳಿದ್ರೆ ಫಾರಿನ್ನಿಗೆ ಅನ್ನೋನು. ಫಾರಿನ್ನು ಅಂದ್ರೆ ಅದೂ ಒಂದು ಊರು, ಮಂಗ್ಳೂರಿಂದ ಆಚೆಗೆ ಐತೆ ಅಂದ್ಕೊಂಡಿದ್ದೆ ನಾನು. ಬಂಗಾರೆವ್ವ ಗುಳೇದಗುಡ್ಡದೋಳು. ಗೊರೂರಲ್ಲಿ ಅಣೆಕಟ್ಟೆ ಕಟ್ಟುವಾಗ ಗಂಡ ಕೆಲಸಕ್ಕೆ ಬಂದಿದ್ದ, ಅವನ ಜೊತೆ ಬಂದಳು. ಬಾಯಿ ಜೋರು. ಹುರಿ ದಂಡ ಮಾಡ್ತೀಯ ಅಂತ ಮೇಸ್ತ್ರಿ ಬೈದ್ರೂ ಜಡೆ ಬಿಡ್ತಿರಲಿಲ್ಲ. ನಾ ಹೊಲ್ದಿದ್ದು ಅಂತ ಒಂದು ಗುರುತು ಬ್ಯಾಡವಾ ಅನ್ನೋಳು."

ಆಮೇಲೆ ದನಿ ತಗ್ಗಿಸಿದರು. "ನಾನೊಂದು ವಿಷಯ ಯಾರಿಗೂ ಹೇಳಿಲ್ಲ ಕಣೆ. ನಿಮ್ಮಪ್ಪಂಗೂ ಹೇಳಿಲ್ಲ."

"ಏನದು?"

"ಒಂದಿನ ಅವಳು, ಆ ಕಡೆ ಚೀಲ ಬಿಚ್ಚೋಳೂ ನಮ್ಮಂಗೇ ಒಬ್ಬ ಹೆಂಗಸೇ ಅಲ್ಲವಾ, ಅವಳಿಗೆ ಉಡಿ ತುಂಬಣ ಅಂದ್ಲು. ಅವರ ಕಡೆ ಉಡಿ ಅಂತಾರೆ, ನಮ್ಮ ಮಡಲಕ್ಕಿ ಇದ್ದಂಗೆ. ಅವಳ ತವರಿನ ಖಣ ಇರ್ತದಲ್ಲ, ಕುಪ್ಪಸದ ಬಟ್ಟೆ, ಕೆಂಪಂಚಿಂದು, ಅದರಲ್ಲಿ ನಾನು ಐದು ಅರಿಶಿನದ ಕೊಂಬು ಇಟ್ಟು ಮಡಿಚ್ದೆ. ಅವಳು ಚೀಲದೊಳಕ್ಕೆ ತುರುಕಿ ಹೊಲ್ದೇಬಿಟ್ಲು. ಆಮೇಲೆ ಶುರುವಾಯ್ತು ನೋಡು ಭಯ. ಹಿಂದಿನ ವರ್ಷ ಯಾರ್ದೋ ಹೇರ್‌ಪಿನ್ನು ಸಿಕ್ತು ಅಂತ ಫಾರಿನ್ನಿಂದ ಕಾಗದ ಬಂದು ನಾಲ್ಕು ಜನದ್ದು ಕೆಲಸ ಹೋಗಿತ್ತು. ಇದಂತೂ ಅರಿಶಿನ. ಕಾಫಿ ವಾಸನೆ ಕೆಟ್ಟರೆ ಮುಗೀತು. ಮೇಲಾಗಿ ಜಡೆ ಬ್ಯಾರೆ ಐತೆ, ಯಾರ ಕೈ ಅಂತ ಕುರುಡನೂ ಹೇಳ್ತಾನೆ. ಒಂದು ವರ್ಷ ಪೋಸ್ಟಿನವನ ಸೈಕಲ್ಲು ಗೇಟೊಳಕ್ಕೆ ಬಂದ್ರೆ ಇಬ್ಬರ ಕೈಯೂ ನಿಂತೋಗೋದು. ಕಾಗದ ಬರಲೇ ಇಲ್ಲ. ಹಡಗಿಂದ ಚೀಲ ಸಮುದ್ರಕ್ಕೆ ಬಿತ್ತು ಅಂತ ಸುಮ್ನಾದೋ."

"ಗೋಡೆ ಮೇಲಿರೋದು ಅದೇ ಚೀಲನಾ?"

"ಯಾವ್ದೋ ಏನೋ. ದಿನಕ್ಕೆ ನೂರು ಚೀಲ ಹೊಲಿಯೋಳು."

ಪ್ರಿನ್ಸ್‌ಟನ್ ಹಾರ್ಬರಿನಲ್ಲಿ ಮೀನುದೋಣಿಗಳು ಸಾಲಾಗಿ ನಿಂತಿದ್ದವು, ಬಲೆಯ ವಾಸನೆ ಬೀದಿಗೂ ಬರುತ್ತಿತ್ತು. ಅಂಗಡಿಯಾತ ಚೀಲದ ಫೋಟೊ ನೋಡಿ ತಲೆದೂಗಿದ. ನಾಲ್ಕು ವರ್ಷದ ಹಿಂದೆ ಮಾಸ್ ಬೀಚಿನ ಒಂದು ಮನೆಯವರು ಊರು ಬಿಡುವಾಗ ಗ್ಯಾರೇಜು ಪೂರ್ತಿ ಮಾರಿದ್ದರಂತೆ. ಹೆಸರು ಅರ್ನಿ. ಫೋನ್ ನಂಬರಿಲ್ಲ, ಮನೆ ಮಾತ್ರ ಗೊತ್ತು. "ಸೈಪ್ರೆಸ್ ಮರಗಳ ಓಣಿಯ ಕೊನೆಯಲ್ಲಿ, ನೀಲಿ ಗೇಟು."

ಹರ್ಷಿತಾ ಗಡಿಯಾರ ನೋಡಿಕೊಂಡಳು. ಸಂಜೆ ಗ್ರೋಸರಿ ತರಬೇಕಿತ್ತು, ಬಟ್ಟೆ ಒಗೆಯಬೇಕಿತ್ತು. ಅಮ್ಮ ಆಗಲೇ ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಂಡಿದ್ದರು.

ಮಾಸ್ ಬೀಚು ಹತ್ತೇ ನಿಮಿಷ. ಗಾಳಿಗೆ ಒಂದೇ ಕಡೆ ಬಾಗಿ ಬೆಳೆದ ಮರಗಳ ಕೆಳಗೆ ಮನೆಗಳೆಲ್ಲ ಬಾಗಿಲು ಮುಚ್ಚಿಕೊಂಡು ಮಲಗಿದ ಹಾಗಿದ್ದವು. ನೀಲಿ ಗೇಟಿನ ಮನೆಯಲ್ಲಿ ಈಗ ಬೇರೆಯವರಿದ್ದರು. ಪಕ್ಕದ ಮನೆಯ ಅಂಗಳದಲ್ಲಿ ಗಿಡ ಕತ್ತರಿಸುತ್ತಿದ್ದ ಮುದುಕಿ ಮಾತ್ರ ಅರ್ನಿಯ ಹೆಸರು ಕೇಳಿ ಕತ್ತರಿ ಕೆಳಗಿಟ್ಟರು. "ನಂಬರು ಕೊಡಲಾರೆ, ಆದರೆ ನಾನೇ ಮಾಡಿಕೊಡುತ್ತೇನೆ," ಎಂದು ಅಲ್ಲೇ ಫೋನು ಹಚ್ಚಿ ಹರ್ಷಿತಾಳ ಕೈಗಿತ್ತರು.

ಹರ್ಷಿತಾ ತಡವರಿಸುತ್ತಲೇ ಹೇಳಿದಳು: ಕೆಫೆ, ಚೀಲ, ಅಮ್ಮ, ಹುರಿಯ ಜಡೆ. ಆ ಕಡೆಯಿಂದ ಮುದಿ ದನಿಯೊಂದು ಕೇಳಿತು.

"ಆ ಜಡೆ ಹೆಣೆದವಳು ನಿಮ್ಮ ಜೊತೆ ಇದ್ದಾಳೆಯೇ?"

"ಇಲ್ಲ. ಅವಳ ಗೆಳತಿ, ನನ್ನ ತಾಯಿ."

"ಬನ್ನಿ. ಇವತ್ತೇ ಬನ್ನಿ," ಎಂದರು ಅರ್ನಿ. ಸ್ಯಾನ್ ಫ್ರಾನ್ಸಿಸ್ಕೊದ ದಕ್ಷಿಣ ದಂಡೆಯ ವಿಳಾಸ ಕೊಟ್ಟರು.

ಗುಡ್ಡ ಕೊರೆದ ಸುರಂಗ ದಾಟಿ, ಪಸಿಫಿಕಾ ದಾಟಿ, ನಗರ ಸೇರುವಾಗ ಎರಡೂವರೆ. ನಗರದ ಪೂರ್ವಕ್ಕೆ ಮಂಜಿರಲಿಲ್ಲ, ಬಿಸಿಲು ಚುರುಗುಟ್ಟುತ್ತಿತ್ತು. ಅಲ್ಲಿ ಕೊಲ್ಲಿಯ ಉದ್ದಕ್ಕೂ ಹಡಗು ನಿಲ್ಲುವ ಹಳೆಯ ಧಕ್ಕೆಗಳು ನಂಬರು ಹಚ್ಚಿಕೊಂಡು ಸಾಲಾಗಿದ್ದವು. ಒಂದರಲ್ಲಿ ಹೋಟೆಲು, ಇನ್ನೊಂದರಲ್ಲಿ ಕಾರ್ ಪಾರ್ಕಿಂಗು. ಮತ್ತೊಂದರ ಮರದ ಕಂಬಗಳಷ್ಟೇ ನೀರಿನಲ್ಲಿ ಉಳಿದು, ಪ್ರತಿಯೊಂದರ ಮೇಲೂ ಒಂದು ಹಕ್ಕಿ ಕೂತಿತ್ತು. ದಂಡೆಯ ಬೆಂಚಿನ ಮೇಲೆ ಅರ್ನಿ ಕಾಯುತ್ತಿದ್ದರು. ಎಂಬತ್ತಮೂರು ವರ್ಷದ, ಅಗಲ ಭುಜದ ಮನುಷ್ಯ. ಪಕ್ಕದಲ್ಲಿ ನಡೆಗೋಲು ಹಿಡಿದ ಹೆಂಡತಿ ಡೊಲೊರೆಸ್.

ಅರ್ನಿ ಕೈ ಮುಂದೆ ಚಾಚಿದರು. ಭದ್ರಮ್ಮ ನಮಸ್ಕಾರಕ್ಕೆಂದು ಎತ್ತಿದ್ದ ಕೈಗಳನ್ನು ಇಳಿಸಿ, ಆ ಕೈಯನ್ನು ಹಿಡಿದು, ತಿರುಗಿಸಿ ಅಂಗೈ ನೋಡಿದರು. "ಹೊತ್ತವರ ಕೈ," ಎಂದು ಮಗಳಿಗೆ ಹೇಳಿದರು.

ಬೆಂಚಿನ ಎದುರಿಗಿದ್ದ ಇಟ್ಟಿಗೆ ಕಟ್ಟಡವೇ ಆಗಿನ ಕಾಫಿ ಗೋದಾಮು. ಈಗ ಅಪಾರ್ಟ್‌ಮೆಂಟು, ಕೆಳಗೆ ಜಿಮ್ಮು. ಅರ್ನಿ ಹತ್ತೊಂಬತ್ತು ವರ್ಷ ಅಲ್ಲಿ ಚೀಲ ಸುರಿಯುವ ಕೆಲಸ ಮಾಡಿದ್ದರು. ಭದ್ರಮ್ಮ ಒಂದರ ಮೇಲೊಂದು ಪ್ರಶ್ನೆ ಕೇಳತೊಡಗಿದರು. ಲಾರಿ ಎಲ್ಲಿ ನಿಲ್ಲುತ್ತಿತ್ತು? ಚೀಲ ಹೆಗಲ ಮೇಲೆ ಹೊರುತ್ತಿದ್ದರೋ, ತಲೆಯ ಮೇಲೋ? ಒದ್ದೆಯಾದ ಚೀಲ ಏನು ಮಾಡುತ್ತಿದ್ದರು? ಧೂಳಿಗೆ ಕೆಮ್ಮು ಬರುತ್ತಿತ್ತೇ? ಹರ್ಷಿತಾ ಆ ಕಡೆಯಿಂದ ಈ ಕಡೆಗೆ ಮಾತು ದಾಟಿಸುತ್ತ ಹೋದಳು. ಅರ್ನಿ ಎಲ್ಲಕ್ಕೂ ಉತ್ತರ ಕೊಟ್ಟರು. ಕೆಮ್ಮಿನ ಪ್ರಶ್ನೆಗೆ ನಿಜವಾಗಿಯೇ ಕೆಮ್ಮಿ ತೋರಿಸಿದರು.

"ಚೀಲದ ಪಕ್ಕೆ ಯಾಕೆ ಸೀಳಿದ್ರು, ಕೇಳು."

ಅರ್ನಿ ನಕ್ಕರು. "ಎಲ್ಲ ಚೀಲದ ಕಿವಿ ಕತ್ತರಿಸಿ ಹುರಿ ಎಳೆದರೆ ಸರ್ರನೆ ಬಿಚ್ಚಿಕೊಳ್ಳುತ್ತಿತ್ತು. ಆ ಜಡೆಯವು ಮಾತ್ರ ಜಪ್ಪಯ್ಯ ಎನ್ನುತ್ತಿರಲಿಲ್ಲ. ಹೇಸರಗತ್ತೆಗಳು ಎಂದು ಹೆಸರಿಟ್ಟಿದ್ದೆವು. ಹೇಸರಗತ್ತೆ ಬಂತು ಅಂದರೆ ಚಾಕು ತೆಗೆದು ಪಕ್ಕೆ ಸೀಳುವುದು. ನಿಮ್ಮ ಗೆಳತಿಯನ್ನು ನಾವು ಎಷ್ಟು ಬೈದಿದ್ದೇವೆಂದು ದಯವಿಟ್ಟು ಅವಳಿಗೆ ಹೇಳಬೇಡಿ."

ಹರ್ಷಿತಾ ಹೇಳಿದ್ದನ್ನು ಕೇಳಿ ಭದ್ರಮ್ಮ ಶಾಲು ಬಾಯಿಗೆ ಒತ್ತಿಕೊಂಡು ನಕ್ಕರು. ನಗು ನಿಂತ ಮೇಲೆ, ಇನ್ನೊಂದನ್ನು ಕೇಳಲೋ ಬೇಡವೋ ಎಂಬಂತೆ ಮಗಳ ಮುಖ ನೋಡಿದರು. ಕೇಳುವ ಮೊದಲೇ ಅರ್ನಿ ಮಾತು ಮುಂದುವರಿಸಿದರು.

"ಸಾವಿರ ಹೇಸರಗತ್ತೆ ಸೀಳಿದ್ದೇನೆ. ಇಟ್ಟುಕೊಂಡದ್ದು ಒಂದೇ. ಆವತ್ತು ಜಾಲರಿಯ ಮೇಲೆ ಬೀಜ ಸುರಿದಾಗ ಜೊತೆಗೆ ಒಂದು ಬಟ್ಟೆಯ ಪೊಟ್ಟಣ ಬಿತ್ತು. ಮೂಲೆ ಮೂಲೆ ಸೇರಿಸಿ ಮಡಿಸಿತ್ತು. ಒಳಗೆ ಐದು ಹಳದಿ ಬೇರು."

ಹರ್ಷಿತಾಗೆ ಅನುವಾದ ಮರೆತುಹೋಯಿತು. ಭದ್ರಮ್ಮ ಅವಳ ತೋಳು ಅಲ್ಲಾಡಿಸಿದರು. "ಏನಂದ್ರು? ಏನಂದ್ರು ಹೇಳೇ!"

ಹೇಳಿದಳು. ಭದ್ರಮ್ಮ ಬೆಂಚಿನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಸಮುದ್ರಕ್ಕೆ ಬೀಳ್ಲಿಲ್ಲವಾ," ಎಂದಷ್ಟೇ ಹೊರಟಿತು. ನಲವತ್ತಾರು ವರ್ಷದ ಹಿಂದಿನ ಅಂಜಿಕೆ ಆ ಕ್ಷಣಕ್ಕೆ ಮತ್ತೆ ಮುಖದ ಮೇಲೆ ಬಂದಿತ್ತು. "ದೂರು ಬರೀಲಿಲ್ಲವಾ ಇವರು? ಯಾಕೆ ಬರೀಲಿಲ್ಲ, ಕೇಳು."

"ಬರೆಯಬೇಕಿತ್ತು," ಎಂದರು ಅರ್ನಿ. "ನಿಯಮ ಹಾಗಿತ್ತು. ಏನೇ ಸಿಕ್ಕರೂ ಮೇಲಿನವನಿಗೆ ತೋರಿಸಬೇಕು. ಆತ ಹತ್ತು ಹೆಜ್ಜೆ ದೂರದಲ್ಲೇ ನಿಂತಿದ್ದ. ಆದರೆ ನನ್ನ ಇನ್ನೊಂದು ಕೈಯಲ್ಲಿ ಜಡೆ ಇತ್ತು. ಇದು ಒಬ್ಬಳ ಸಹಿ ಇದ್ದ ಹಾಗೆ ಅನ್ನಿಸಿತು. ಚೀಲ ತೋರಿಸಿದರೆ ಅವಳನ್ನು ಹುಡುಕುವುದು ಕಷ್ಟವೇ ಅಲ್ಲ. ನಮ್ಮಪ್ಪ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಇಷ್ಟು ಚಿಕ್ಕ ತಪ್ಪಿಗೆ ಕೆಲಸ ಕಳೆದುಕೊಂಡಿದ್ದ. ಪೊಟ್ಟಣ ಜೇಬಿಗೆ ಹಾಕಿಕೊಂಡೆ. ಚೀಲ ಮಡಿಸಿ ಕೋಟಿನೊಳಗೆ ಇಟ್ಟುಕೊಂಡೆ. ಯಾಕೆ ಹಾಗೆ ಮಡಿಸಿ ಕಳಿಸಿದ್ದರು ಅನ್ನುವುದು ಮಾತ್ರ ಇವತ್ತಿನವರೆಗೂ ಗೊತ್ತಾಗಿಲ್ಲ. ಮಂತ್ರವೇ? ಔಷಧವೇ?"

ಉಡಿ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೋ ಹರ್ಷಿತಾಗೆ ತಿಳಿಯಲಿಲ್ಲ. ಹೆಂಗಸು ಹೆಂಗಸಿಗೆ ಕೊಡುವ ಉಡುಗೊರೆ ಎಂದಳು. ಅದು ಸಾಲದೆನಿಸಿತು. ಮನೆಗೆ ಬಂದವಳನ್ನು ಬರಿಗೈಯಲ್ಲಿ ಕಳಿಸಬಾರದೆಂದು ಮಡಿಲಿಗೆ ಹಾಕುವುದು, ನಿನಗೆ ಒಳ್ಳೆಯದಾಗಲಿ ಎಂದು ಹೇಳುವುದು ಎಂದಳು. ಅದೂ ಸಾಲಲಿಲ್ಲ. ಕೊನೆಗೆ ಎದ್ದು, ತನ್ನ ಟಿ ಶರ್ಟಿನ ಅಂಚನ್ನೇ ಮಡಿಲು ಮಾಡಿ ಹಿಡಿದು ತೋರಿಸಿದಳು. "ಚೀಲ ಬಿಚ್ಚುವವಳು ತಮ್ಮ ಹಾಗೇ ಒಬ್ಬ ಹೆಂಗಸು ಅಂದುಕೊಂಡಿದ್ದರು. ಅವಳಿಗೆಂದು ಕಳಿಸಿದ್ದು."

ಡೊಲೊರೆಸ್ ಗಂಡನ ಕಡೆ ತಿರುಗಿದರು. "ನೋಡಿದೆಯಾ? ಅದು ನನ್ನದೇ ಆಗಿತ್ತು."

"ನಾನು ಬರೀ ಹೊತ್ತು ತಂದವನು," ಎಂದರು ಅರ್ನಿ.

ಪೊಟ್ಟಣ ಸಿಕ್ಕ ದಿನ ಸಂಜೆ ಅರ್ನಿ ಅದನ್ನು ತಂದು ಕೊಟ್ಟಾಗ ಡೊಲೊರೆಸ್ ತುಂಬಿದ ಬಸುರಿಯಾಗಿದ್ದರಂತೆ. ಖಣದ ಬಟ್ಟೆಯನ್ನು ಮಗುವಿನ ಕೌದಿಯ ಮಧ್ಯದ ತುಂಡಾಗಿ ಹೊಲಿದರಂತೆ. ಕೌದಿ ಈಗ ಆರೆಗನ್ನಿನಲ್ಲಿರುವ ಮೊಮ್ಮಗನ ಹತ್ತಿರ ಇದೆ, ಇನ್ನೂ ಇದೆಯೋ ಹರಿದುಹೋಯಿತೋ ತಿಳಿಯದು. ಫೋಟೊ ಏನೂ ಇರಲಿಲ್ಲ. ಭದ್ರಮ್ಮನವರಿಗೆ ಅದನ್ನು ನೋಡಬೇಕೆಂದು ಬಹಳ ಆಸೆಯಾಯಿತು, ಆದರೆ ಒತ್ತಾಯಿಸಲಿಲ್ಲ.

"ಅರಿಶಿನ ಏನು ಮಾಡಿದ್ರು?"

ಡೊಲೊರೆಸ್ ನಾಚಿಕೊಂಡರು. ಯಾವುದೋ ಹೂವಿನ ಗೆಡ್ಡೆ ಎಂದುಕೊಂಡು ಕುಂಡದಲ್ಲಿ ನೆಟ್ಟರಂತೆ. ಎರಡು ವರ್ಷ ನೀರು ಹಾಕಿದರೂ ಮೊಳಕೆ ಬರಲಿಲ್ಲ. ಈ ಊರಿನ ಮಂಜಿಗೆ ಹಾಗಾಯಿತು ಎಂದು ಬೇಸರಪಟ್ಟಿದ್ದರು.

"ಅಯ್ಯೋ ನನ್ನವ್ವ!" ಭದ್ರಮ್ಮನವರಿಗೆ ನಗು ತಡೆಯಲಾಗಲಿಲ್ಲ. "ಅದು ಬೇಯಿಸಿ ಒಣಗಿಸಿದ ಅರಿಶಿನ ಕಣೆ! ಬೇಯಿಸಿದ್ದು ಎಲ್ಲಾದ್ರೂ ಮೊಳೆತದಾ? ಮಂಜಿಂದು ಏನೂ ತಪ್ಪಿಲ್ಲ ಅಂತ ಹೇಳು."

ಹೊರಡುವಾಗ ನಾಲ್ಕು ಜನರೂ ಗೋದಾಮಿನ ಹಿಂದಿನವರೆಗೆ ನಿಧಾನವಾಗಿ ನಡೆದುಹೋದರು. ಹಳೆಯ ರೈಲು ಕಂಬಿಯ ಎರಡು ಸಾಲು ಟಾರಿನ ನಡುವೆ ಇನ್ನೂ ಕಾಣುತ್ತಿತ್ತು. ಭದ್ರಮ್ಮ ಅದರ ಮೇಲೆ ನಿಂತು, ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಒಳಕ್ಕೆ ಎಂದು ಚೀಲದ ದಾರಿಯನ್ನು ಕೈಯಲ್ಲೇ ಗೆರೆ ಎಳೆದು ನೋಡಿಕೊಂಡರು. ಡೊಲೊರೆಸ್ ತಮ್ಮ ನಂಬರನ್ನು ಹರ್ಷಿತಾಳ ಫೋನಿನಲ್ಲಿ ತಾವೇ ಒತ್ತಿ ಕೊಟ್ಟರು.

ಮನೆಯ ದಾರಿ ಬೇ ಬ್ರಿಜ್ ಮೇಲೆ. ಸೇತುವೆ ಇಳಿಯುವಾಗ ಓಕ್ಲೆಂಡ್ ಬಂದರಿನ ಬಿಳಿ ಕ್ರೇನುಗಳು ಎದುರಾದವು.

"ಅವೇನೇ, ಅಷ್ಟೆತ್ತರ?"

"ಈಗಿನ ಪೋರ್ಟು ಅಮ್ಮ. ಈಗ ಎಲ್ಲ ಕಂಟೇನರಲ್ಲೇ ಬರತ್ತೆ."

"ಹತ್ರಕ್ಕೆ ಬಿಡ್ತಾರಾ?"

ಹತ್ತಿರದಲ್ಲೇ ಒಂದು ಪಾರ್ಕಿತ್ತು. ಹರ್ಷಿತಾ ಎರಡು ವರ್ಷದಿಂದ ಆ ಫ್ರೀವೇಯಲ್ಲಿ ಓಡಾಡಿದ್ದರೂ ಅಲ್ಲಿಗೆ ಹೋಗಿರಲಿಲ್ಲ. ಎಕ್ಸಿಟ್ಟು ತೆಗೆದುಕೊಂಡಳು. ಹುಲ್ಲಿನ ಮೇಲೆ ಕೂತು, ಬೆಳಗಿನ ಬ್ರೆಡ್ಡನ್ನು ಹರಿದು ತಿನ್ನುತ್ತ, ಹಡಗಿನಿಂದ ಪೆಟ್ಟಿಗೆಗಳು ಒಂದೊಂದಾಗಿ ಇಳಿಯುವುದನ್ನು ನೋಡಿದರು. ಒಂದು ಪೆಟ್ಟಿಗೆಗೆ ಎಷ್ಟು ಹೊತ್ತಾಗುತ್ತದೆಂದು ಭದ್ರಮ್ಮ ಬೆರಳು ಮಡಿಚಿ ಎಣಿಸಿದರು. ಆರೂವರೆಯಾದಾಗ ತಟ್ಟನೆ ಕೇಳಿದರು. "ಊರಲ್ಲಿ ಈಗೆಷ್ಟು ಗಂಟೆ?"

"ಬೆಳಿಗ್ಗೆ ಏಳು."

"ಎದ್ದಿರ್ತಾಳೆ. ಫೋನು ಹಚ್ಚು."

ಬಂಗಾರೆವ್ವ ಗುಳೇದಗುಡ್ಡಕ್ಕೆ ವಾಪಸಾಗಿ ನಲವತ್ತು ವರ್ಷವಾಗಿತ್ತು. ಯುಗಾದಿಗೊಮ್ಮೆ ಇಬ್ಬರೂ ಮಾತಾಡುತ್ತಿದ್ದರು. ಸ್ಪೀಕರಿನಲ್ಲಿ ಕೋಳಿ ಕೂಗು, ಪಾತ್ರೆ ಸದ್ದು, ಆಮೇಲೆ ದೊಡ್ಡ ದನಿ.

"ಏನ್ ಭದ್ರೀ, ಇವತ್ತೇನ ಹಬ್ಬ ಐತೇನ? ಅಮೆರಿಕಾಕ್ಕ ಹೋಗೀದಿ ಅಂದ್ರ?"

"ಬಂಗಾರೀ, ಚೀಲ ಸಿಕ್ತು ಕಣೆ. ನಿನ್ ಜಡೆ ಸಿಕ್ತು."

ಭದ್ರಮ್ಮ ಎಲ್ಲವನ್ನೂ ಹೇಳಿದರು. ಹೇಸರಗತ್ತೆಯ ವಿಷಯವನ್ನೂ ಬಿಡಲಿಲ್ಲ.

"ಖರೇನ?"

"ಖರೇ."

"ಗಂಡಸೇನು ಬಿಚ್ಚಿದಾಂವ?"

"ಗಂಡಸೇ. ಆದ್ರೆ ಹೆಂಡ್ತಿಗೆ ಕೊಟ್ಟವ್ನೆ. ಬಸುರಿ ಆಗಿದ್ಲಂತೆ ಆಗ."

"ಅಯ್ಯ ಶಿವನ! ಬಸುರೀಗೆ ಮುಟ್ಟೇತೇನ ಉಡಿ! ನೋಡು, ಸರಿಯಾದಾಕೀಗೇ ಹೋಗೇತಿ." ಬಂಗಾರೆವ್ವನ ದನಿ ಒಡೆಯಿತು, ಮತ್ತೆ ಗಟ್ಟಿಯಾಯಿತು. "ಆಮ್ಯಾಲೆ ಏನು ಹುಟ್ಟಿತು? ಗಂಡೋ ಹೆಣ್ಣೋ?"

ಭದ್ರಮ್ಮ ಮಗಳ ಮುಖ ನೋಡಿದರು. ಹರ್ಷಿತಾ ತಲೆಯಾಡಿಸಿದಳು. ಇಬ್ಬರೂ ಕೇಳಿರಲಿಲ್ಲ.

"ಕೇಳ್ಲಿಲ್ಲ ಕಣೆ."

"ಅಷ್ಟು ದೂರ ಹೋಗಿ ಅದನ್ನ ಕೇಳಿಲ್ಲಂದ್ರ ಏನ್ ಕೇಳಿದ್ಯವ್ವಾ ನೀ? ಲಾರಿ ಎಲ್ಲಿ ನಿಂದರತಿತ್ತು ಅಂತ ಕೇಳಿರತೀ!"

ಹರ್ಷಿತಾ ನಗುತ್ತಲೇ, ಕರೆ ಕಟ್ಟಾಗದ ಹಾಗೆ ಎಚ್ಚರದಿಂದ ಇನ್ನೊಂದು ನಂಬರು ಒತ್ತಿ ಸೇರಿಸಿದಳು. ಆ ಕಡೆ ಎರಡು ಸಲ ರಿಂಗಾಯಿತು.

"ಹಲೋ?" ಎಂದರು ಡೊಲೊರೆಸ್.

"ಹಲೋ," ಎಂದರು ಬಂಗಾರೆವ್ವ.